ಡೆಕ್ ಕೆಳಗಿನ ನೀರು ಎಲ್ಲಿಗೆ ಹೋಗುತ್ತೆ?

ಮಡಿಕೇರಿ ಹತ್ತಿರದ ಒಂದು ಹೋಂಸ್ಟೇ. ತಾರಸಿ ಮೇಲೆ ಮತ್ತಿ ಮರದ ಡೆಕ್, ಅಂದರೆ ಹಲಗೆ ಹಾಸಿದ ನೆಲ. ಹಾಕಿಸಿ ಮೂರು ಮಳೆಗಾಲ ಆಗಿತ್ತು, ಅಷ್ಟೇ. ನಡೆದರೆ ಹಲಗೆ ಮೆತ್ತಗೆ ಕುಸಿಯುತ್ತದೆ, ಕೆಳಗಿನ ರೂಮಿನ ಗೋಡೆ ಒದ್ದೆಯಾಗುತ್ತದೆ ಅಂತ ಮಾಲೀಕರು ಕರೆಸಿದ್ದರು.

ನಾನು ಮೊದಲು ಕೇಳಿದ್ದು ಒಂದು ಬಕೆಟ್ ನೀರು. ಎತ್ತರದ ಕಡೆ ಸುರಿದು, ನೀರು ಹೊರಬೀಳುವ ಪೈಪಿನ ಹತ್ತಿರ ಹೋಗಿ ನಿಂತೆ. ಬಂದದ್ದು ಒಂದೆರಡು ಚೊಂಬಿನಷ್ಟು. ಉಳಿದ ನೀರು?

ಅಂಚಿನ ಹಲಗೆ ಬಿಚ್ಚಿದಾಗ ಸಿಕ್ಕಿತು. ತಾರಸಿಯ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಸರಿಯಾಗಿಯೇ ಇತ್ತು. ಆದರೆ ಹಲಗೆ ಹೊರುವ ರೀಪುಗಳನ್ನು ವಾಟಕ್ಕೆ ಅಡ್ಡಲಾಗಿ, ನೇರವಾಗಿ ಕಾಂಕ್ರೀಟ್ ಮೇಲೆ ಮಲಗಿಸಿದ್ದರು. ಒಂದೊಂದು ರೀಪೂ ಗದ್ದೆಯ ಬದುವಿನಂತೆ ನೀರು ಕಟ್ಟಿಕೊಂಡು ಕೂತಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಅರ್ಧ ಇಂಚು ಸಲೀಸಾಗಿ ಇಳಿಯಿತು. ಮೇಲಿನ ಹಲಗೆ ಮಾತ್ರ ಗಟ್ಟಿ. ಡೆಕ್ ಹಾಳಾಗುವುದು ಹೆಚ್ಚಾಗಿ ಹೀಗೇ, ಕಣ್ಣಿಗೆ ಕಾಣದ ಕಡೆಯಿಂದ.

ಕೊಳೆತ ರೀಪು ತೆಗೆದು ಹೊಸದು ಹಾಕಿದೆವು. ಈ ಸಲ ವಾಟದ ಉದ್ದಕ್ಕೇ ಹಾಕಿ, ಎರಡೆರಡು ಅಡಿಗೆ 10 ಮಿ.ಮೀ. ದಪ್ಪದ ಗಟ್ಟಿ ಪ್ಲಾಸ್ಟಿಕ್ ತುಂಡು ಕೆಳಗಿಟ್ಟೆವು. ಮರದ ಚಕ್ಕೆ ಇಡಬೇಡಿ, ಅದೇ ಮೊದಲು ನೀರು ಕುಡಿಯುತ್ತದೆ. ರೀಪಿನ ಮೇಲ್ಮೈಗೆ ಬಿಟುಮೆನ್ (ಡಾಂಬರಿನ) ಟೇಪ್ ಅಂಟಿಸಿದೆವು. ಸ್ಕ್ರೂ ತೂತಿನಿಂದ ನೀರು ಇಳಿಯೋದು ಅಲ್ಲಿಗೇ, ಅಲ್ವಾ. ತಾರಸಿಗೆ ಮಾತ್ರ ಒಂದೂ ಬೋಲ್ಟ್ ಹೊಡೆಯಲಿಲ್ಲ. ವಾಟರ್‌ಪ್ರೂಫಿಂಗ್ ತೂತಾದರೆ ಕೆಳಗಿನ ಗೋಡೆಯ ಕಥೆ ಮತ್ತೆ ಶುರು.

ಇನ್ನೊಂದು ತಪ್ಪು ಹಲಗೆ ನಡುವಿನ ಸಂದಿನದು. ಅದನ್ನು ಹಿಂದೊಮ್ಮೆ ನಾನೂ ಮಾಡಿದ್ದೇನೆ. ಮಾರ್ಚ್ ಬಿಸಿಲಲ್ಲಿ ಚೆನ್ನಾಗಿ ಒಣಗಿದ ಹಲಗೆಗಳನ್ನು ಒತ್ತೊತ್ತಾಗಿ ಜೋಡಿಸಿದ್ದೆ. ನೋಡೋಕೆ ಬಹಳ ಚೆಂದ. ಮರ ಉದ್ದಕ್ಕೆ ಹಿಗ್ಗುವುದಿಲ್ಲ ಅಂತಲೇ ಹೇಳಬಹುದು, ಅಗಲಕ್ಕೆ ಹಿಗ್ಗುತ್ತದೆ. ಆರು ಇಂಚಿನ ಮತ್ತಿ ಹಲಗೆ ಮಳೆಗಾಲದಲ್ಲಿ 2-3 ಮಿ.ಮೀ. ಉಬ್ಬಿದರೆ ಆಶ್ಚರ್ಯವಿಲ್ಲ. ಜುಲೈಗೆ ಸಂದೆಲ್ಲ ಮುಚ್ಚಿ, ಡೆಕ್ ತಟ್ಟೆಯ ಹಾಗೆ ನೀರು ಹಿಡಿಯಿತು. ಈಗ ಒಣ ಹಲಗೆ ಹಾಕುವಾಗ ಪೆನ್ಸಿಲ್ ತೂರುವಷ್ಟು, ಅಂದರೆ 6-7 ಮಿ.ಮೀ. ಬಿಡುತ್ತೇನೆ. ಆಗಲೇ ಮುಚ್ಚಿಹೋಗಿದ್ದರೆ ಬೇಸಿಗೆವರೆಗೆ ಕಾದು, ಹಲಗೆ ಒಂದೊಂದಾಗಿ ಬಿಚ್ಚಿ, ಅಂಚು ಸೀಳಿ ಮತ್ತೆ ಕೂರಿಸಬೇಕು. ಬೇಜಾರಿನ ಕೆಲಸ, ಬೇರೆ ದಾರಿಯಿಲ್ಲ.

ಅತಿಥಿಗಳ ಹೈಹೀಲ್ಸ್ ಸಿಕ್ಕಿಕೊಳ್ಳುತ್ತದೆ ಅಂತ ಒಬ್ಬರು ಸಂದಿಗೆಲ್ಲ ಸಿಲಿಕೋನ್ ತುಂಬಿಸಿದ್ದರು. ಅದನ್ನು ಕಿತ್ತು ತೆಗೆಯಲು ಎರಡು ದಿನ ಬೇಕಾಯಿತು.

ಹಲಗೆಯ ಕೊಯ್ದ ತುದಿಯನ್ನೂ ಮರೆಯಬೇಡಿ. ಮರ ಅಂದರೆ ಸಣ್ಣ ಕೊಳವೆಗಳ ಕಂತೆ. ಮೈಗಿಂತ ತುದಿಯಲ್ಲಿ ನೀರು ಎಷ್ಟೋ ಬೇಗ ಏರುತ್ತದೆ. ತುದಿಗೆ ಮೇಣದ ಸೀಲರ್ ಹಚ್ಚಿ, ಗೋಡೆಯಿಂದ ಅರ್ಧ ಇಂಚಾದರೂ ದೂರ ಇಡಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಸಾದಾ ಕಬ್ಬಿಣ ಹಾಕಿದರೆ ಮರದ ಒಗರು ಸೇರಿ ಕಪ್ಪು ಕಲೆ ಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ಕಾಫಿ ತೋಟದ ನಡುವೆ ಸಿಲ್ವರ್ ಓಕ್ ಎಲೆ ಸುಮ್ನೆ ಇರುವುದಿಲ್ಲ. ಸಂದಿನಿಂದ ಇಳಿದು ಪೈಪಿನ ಬಾಯಲ್ಲಿ ಗೊಬ್ಬರವಾಗುತ್ತದೆ. ಅದಕ್ಕೇ ಆ ಹೋಂಸ್ಟೇಯಲ್ಲಿ ಪೈಪಿನ ನೇರಕ್ಕಿರುವ ಒಂದು ಹಲಗೆಗೆ ಬರೀ ಎರಡು ಸ್ಕ್ರೂ ಹಾಕಿ, ಬೆರಳು ತೂರುವಷ್ಟು ತೂತು ಕೊರೆದು ಬಂದಿದ್ದೇನೆ. ಮೇ ಕೊನೆಗೆ ಮಾಲೀಕರೇ ಅದನ್ನು ಎತ್ತಿ ಕೈ ಹಾಕುತ್ತಾರೆ. ಹೋದ ಸಲ ಒಂದು ಬುಟ್ಟಿ ಎಲೆ ಸಿಕ್ಕಿತಂತೆ, ಜೊತೆಗೊಂದು ಕಪ್ಪೆ.