ಗೆರೆ ಎಳೆದಾದ ಮೇಲೆ ಮೀಸಲಾತಿಗೆ ಜಗಳ

ಮೀಸಲು ಪಟ್ಟಿ ಪ್ರಕಟವಾದ ಮರುದಿನ ನಗರಸಭೆ ಮುಂದೆ ಶಾಮಿಯಾನ ಏಳುತ್ತದೆ. "ನಮ್ಮ ಕೇರಿ ಇರುವ ವಾರ್ಡ್ ಸಾಮಾನ್ಯಕ್ಕೆ ಹೋಯಿತು, ಹತ್ತಾರು ಮನೆ ಇರುವ ಕಡೆ ಎಸ್‌ಸಿ ಬಂತು" ಎಂದು ಜನ ಮನವಿ ಹಿಡಿದು ಓಡಾಡುತ್ತಾರೆ. ಅವರ ನೋವು ನಿಜ. ಆದರೆ ಪೆಟ್ಟು ಬಿದ್ದದ್ದು ಆ ಪಟ್ಟಿಯಲ್ಲಲ್ಲ. ಅದಕ್ಕೂ ಮೊದಲು ವಾರ್ಡ್ ವಿಂಗಡಣೆಯ ಕರಡು ಬಂದಾಗಲೇ, ಚಕ್ಕುಬಂದಿಯ, ಅಂದರೆ ವಾರ್ಡಿನ ಗಡಿ ವಿವರದ, ನಾಲ್ಕು ಸಾಲುಗಳಲ್ಲಿ ಬಿದ್ದಾಗಿತ್ತು. ಆ ಕರಡಿನ ಮೇಲೆ ಆ ಕೇರಿಯಿಂದ ಒಂದೇ ಒಂದು ಆಕ್ಷೇಪಣೆಯೂ ಹೋಗಿರುವುದಿಲ್ಲ.

ಮೊದಲು ಗೆರೆ, ಆಮೇಲೆ ಮೀಸಲಾತಿ. ಇದೊಂದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುತ್ತಿಲ್ಲ, ಹಾಗಾಗಿ ಲೆಕ್ಕ ಹಾಕಿಯೇ ತೋರಿಸಬೇಕು.

ಒಂದು ನಗರಸಭೆ ಇದೆ ಎಂದುಕೊಳ್ಳಿ. ಜನಸಂಖ್ಯೆ 93,000, ವಾರ್ಡ್ 31. ಅಂದರೆ ವಾರ್ಡಿಗೆ ಸರಾಸರಿ 3,000 ಜನ. ಪರಿಶಿಷ್ಟ ಜಾತಿಯವರು ಒಟ್ಟು 12,000. ಅನುಪಾತ ಹಾಕಿದರೆ ಅವರಿಗೆ 4 ವಾರ್ಡ್ ಬರುತ್ತದೆ. ಈ 4 ಎಂಬ ಸಂಖ್ಯೆಯನ್ನು ಯಾವ ಗೆರೆಯೂ ಅಲುಗಾಡಿಸಲಾರದು, ಅದು ಊರಿನ ಒಟ್ಟು ಲೆಕ್ಕದಿಂದ ಬಂದದ್ದು. ಗೆರೆ ತೀರ್ಮಾನಿಸುವುದು ಆ ನಾಲ್ಕು ಯಾವುವು ಎಂಬುದನ್ನು. ಪರಿಶಿಷ್ಟರ ದೊಡ್ಡ ಕೇರಿಯಲ್ಲಿ 1,800 ಜನ, 600ರಂತೆ ಮೂರು ಗಣತಿ ಬ್ಲಾಕ್ (ಜನಗಣತಿಗಾಗಿ ಊರನ್ನು ಹಂಚಿದ ತುಂಡು) ಎನ್ನೋಣ. ಮೂರೂ ಒಂದೇ ವಾರ್ಡಿನಲ್ಲಿ ಉಳಿದರೆ ಆ ವಾರ್ಡಿನಲ್ಲಿ ಪರಿಶಿಷ್ಟರು ಶೇ 60. ಮೂರು ವಾರ್ಡಿಗೆ ಒಂದೊಂದು ಬ್ಲಾಕ್ ಹೋದರೆ ಪ್ರತಿ ವಾರ್ಡಿನಲ್ಲೂ ಶೇ 20. ಊರಿನ ಬೇರೆ ಭಾಗಗಳಲ್ಲಿ ಶೇ 45, 38, 30, 26 ಇರುವ ವಾರ್ಡ್‌ಗಳಿವೆ ಎನ್ನಿ. ಶೇಕಡಾವಾರು ಇಳಿಕೆಯ ಕ್ರಮದಲ್ಲಿ ಮೀಸಲು ಕೊಡುತ್ತಾ ಬಂದರೆ ನಾಲ್ಕೂ ಅಲ್ಲಿಗೇ ಮುಗಿದುಹೋಗುತ್ತವೆ. ಊರಿನ ಅತಿ ದೊಡ್ಡ ಕೇರಿಯ ಮೂರೂ ವಾರ್ಡ್ ಸಾಮಾನ್ಯ. ಮೀಸಲು ಪಟ್ಟಿ ಮಾಡಿದ ಅಧಿಕಾರಿ ನಿಯಮದಂತೆಯೇ ಮಾಡಿದ್ದಾರೆ, ಅವರನ್ನು ಬೈದು ಫಲವಿಲ್ಲ.

ಇನ್ನೊಂದು ತುದಿಯನ್ನೂ ನೋಡಿ. ಶೇ 26 ಇರುವ ವಾರ್ಡ್ ಮೀಸಲಾಯಿತು. ಅಲ್ಲಿ ನಿಲ್ಲುವವರು ಪರಿಶಿಷ್ಟ ಜಾತಿಯವರೇ, ಆದರೆ ಮತ ಹಾಕುವವರು ಎಲ್ಲರೂ. ಅಭ್ಯರ್ಥಿ ಯಾರಿರಬೇಕು, ಯಾರು ಗೆಲ್ಲಬೇಕು ಎಂದು ಅಲ್ಲಿ ತೀರ್ಮಾನಿಸುವುದು ಉಳಿದ ಶೇ 74 ಜನ. 1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ಘೋಷಿಸಿದ, ಪರಿಶಿಷ್ಟರ ಸ್ಥಾನಕ್ಕೆ ಅವರೇ ಮತ ಹಾಕುವ ಪ್ರತ್ಯೇಕ ಮತದಾರ ವರ್ಗವನ್ನು ಬಿಟ್ಟು, ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲಿ ಜಂಟಿ ಮತದಾನ ಒಪ್ಪಿಕೊಂಡಾಗಿನಿಂದ ಈ ಪ್ರಶ್ನೆ ನಮ್ಮ ಜೊತೆಗಿದೆ. ಅಂದು ಪ್ರಾಂತೀಯ ಶಾಸನಸಭೆಗಳಲ್ಲಿ ಸ್ಥಾನ 71ರಿಂದ 148ಕ್ಕೆ ಏರಿತು, ಆಯ್ಕೆಯ ಕೀಲಿಕೈ ಮಾತ್ರ ಎಲ್ಲ ಮತದಾರರ ಕೈಗೆ ಹೋಯಿತು. ಹಾಗಾಗಿ ಮೀಸಲು ಸಿಕ್ಕಿತೋ ಇಲ್ಲವೋ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಎಂಥ ಗೆರೆಯೊಳಗೆ ಸಿಕ್ಕಿತು ಎಂಬುದು ಉಳಿದರ್ಧ.

ಇಷ್ಟು ಕೇಳಿದ ಕೂಡಲೇ "ಹಾಗಾದರೆ ಕೇರಿಯನ್ನೆಲ್ಲ ಒಂದೇ ವಾರ್ಡಿಗೆ ಹಾಕಿಸಿಬಿಡಿ" ಎನ್ನುತ್ತಾರೆ. ಸ್ವಲ್ಪ ತಾಳಿ. ಶೇ 60 ಇರುವ ಕಡೆ ಮೀಸಲಾತಿ ಇಲ್ಲದೆಯೂ ಗೆಲ್ಲಬಹುದು. ಎರಡು ಬ್ಲಾಕ್ ಒಂದು ವಾರ್ಡಿಗೆ, ಮೂರನೆಯದು ಪಕ್ಕದ ವಾರ್ಡಿಗೆ ಹೋದರೆ ಮೊದಲನೆಯದರಲ್ಲಿ ಶೇ 40, ಮೀಸಲು ಪಟ್ಟಿಯಲ್ಲಿ ಎರಡನೇ ಸ್ಥಾನ. ಪಕ್ಕದ ವಾರ್ಡಿನಲ್ಲಿ ಶೇ 20, ಯಾರೇ ನಿಂತರೂ ಅವರ ಮನೆ ಬಾಗಿಲಿಗೆ ಬರಲೇಬೇಕು. ಯಾವುದು ಮೇಲು ಎಂದು ಹೊರಗೆ ಕೂತವರು ಹೇಳಲಾಗದು, ಆ ಕೇರಿಯವರೇ ಕೂತು ಮಾತಾಡಿ ನಿರ್ಧರಿಸಬೇಕು. ಒಂದು ಮಾತು ಖಚಿತ: ಮೂರು ಚೂರು ಮಾಡಿಸಿಕೊಂಡು ಸುಮ್ಮನಿದ್ದರೆ ಗೆಲ್ಲುವ ಬಹುಮತವೂ ಇಲ್ಲ, ಮೀಸಲೂ ಇಲ್ಲ.

ಮತದಾರರ ಪಟ್ಟಿ ಹಿಡಿದು ಬರುವುದು ಇನ್ನೊಂದು ತಪ್ಪು. ವಿಂಗಡಣೆ ನಡೆಯುವುದು ಜನಸಂಖ್ಯೆಯ ಮೇಲೆ, ಮತದಾರರ ಮೇಲಲ್ಲ. ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಲೆಕ್ಕ 2011ರ ಜನಗಣತಿಯದು. ಆಮೇಲೆ ಎದ್ದ ಬಡಾವಣೆಯಲ್ಲಿ ಇಂದು ಸಾವಿರ ಮನೆ ಇದ್ದರೂ ಕಾಗದದ ಮೇಲೆ ಅದು ಹೊಲ. 2027ರ ಗಣತಿಯ ಅಂಕಿಗಳು ಬರುವ ತನಕ ಈ ಅನ್ಯಾಯ ತಪ್ಪದು. ಬೂತ್‌ವಾರು ಸಂಖ್ಯೆ ಬರೆದು ಕೊಟ್ಟ ಆಕ್ಷೇಪಣೆ ಎಷ್ಟೇ ನ್ಯಾಯವಾಗಿದ್ದರೂ ಬದಿಗೆ ಹೋಗುತ್ತದೆ.

ಕರಡು ಕೈಗೆ ಬಂದ ದಿನವೇ ಚಕ್ಕುಬಂದಿ ಓದಿ. "ಉತ್ತರಕ್ಕೆ ನಾಲೆ, ಪೂರ್ವಕ್ಕೆ ಸಂತೆಮಾಳದ ರಸ್ತೆಯ ಎಡಬದಿ" ಎಂಬಂಥ ಸಾಲಿನಲ್ಲಿ "ಎಡಬದಿ" ಎಂಬ ಒಂದು ಪದ ರಸ್ತೆಯ ಆಚೆ ಈಚೆ ಇರುವ ಅಣ್ಣತಮ್ಮಂದಿರ ಮನೆಗಳನ್ನು ಎರಡು ವಾರ್ಡ್ ಮಾಡಿರುತ್ತದೆ. ಕುಳಿತು ಓದಿದರೆ ಗೊತ್ತಾಗದು, ಕಾಗದ ಹಿಡಿದು ನಾಲ್ಕು ಗಡಿಯನ್ನೂ ನಡೆದೇ ನೋಡಬೇಕು. ಆಮೇಲೆ ಗಣತಿ ಬ್ಲಾಕ್‌ವಾರು ಪಟ್ಟಿ ಕೇಳಿ ಪಡೆಯಿರಿ: ಬ್ಲಾಕ್ ಸಂಖ್ಯೆ, ಒಟ್ಟು ಜನ, ಅದರಲ್ಲಿ ಎಸ್‌ಸಿ, ಎಸ್‌ಟಿ. ಒಂದು ಬ್ಲಾಕ್ ಎಂದರೆ ಸುಮಾರು 125 ಮನೆ, ಆರೇಳುನೂರು ಜನ. ಈ ಲೆಕ್ಕದಲ್ಲಿ ಅದಕ್ಕಿಂತ ಚಿಕ್ಕ ಇಟ್ಟಿಗೆ ಇಲ್ಲ. ಬ್ಲಾಕನ್ನು ಅರ್ಧ ಮಾಡಿ ಕೇಳಿದರೆ ಆ ಅರ್ಧದಲ್ಲಿ ಎಷ್ಟು ಜನ ಎಂದು ಯಾರೂ ಹೇಳಲಾರರು, ಅರ್ಜಿ ಅಲ್ಲಿಗೇ ಬೀಳುತ್ತದೆ.

ಬರೀ "ನಮಗೆ ಅನ್ಯಾಯವಾಗಿದೆ" ಎಂದು ಬರೆಯುವುದು ಆಕ್ಷೇಪಣೆಯಲ್ಲ. ಇಂಥ ಸಂಖ್ಯೆಯ ಬ್ಲಾಕನ್ನು ಈ ವಾರ್ಡಿನಿಂದ ತೆಗೆದು ಆ ವಾರ್ಡಿಗೆ ಸೇರಿಸಿ, ಬದಲಿಗೆ ಅಲ್ಲಿಂದ ಇಂಥದ್ದನ್ನು ಇಲ್ಲಿಗೆ ಕೊಡಿ ಎಂದಿರಬೇಕು. ಬದಲಾವಣೆಯ ನಂತರ ಎರಡೂ ವಾರ್ಡಿನ ಒಟ್ಟು ಜನಸಂಖ್ಯೆ ಎಷ್ಟಾಗುತ್ತದೆ ಎಂದು ತೋರಿಸಿ. ಸರಾಸರಿಯಿಂದ ಸಾಮಾನ್ಯವಾಗಿ ಶೇ 10ರಷ್ಟು ಹೆಚ್ಚು ಕಡಿಮೆ ಒಪ್ಪುತ್ತಾರೆ, ನಿಮ್ಮ ಅಧಿಸೂಚನೆಯಲ್ಲಿ ಏನಿದೆ ನೋಡಿಕೊಳ್ಳಿ. ಪಕ್ಕದ ವಾರ್ಡ್ ಕೆಡುವಂಥ ಸಲಹೆ ಕೊಟ್ಟರೆ ಅವರಿಂದ ಎದುರು ಆಕ್ಷೇಪಣೆ ಬರುತ್ತದೆ. ಮೊದಲೇ ಅವರ ಜೊತೆ ಕೂತು ಮಾತಾಡುವುದು ಒಳ್ಳೆಯದು.

"ಹೋದ ಸಲ ಮೀಸಲಾಗಿತ್ತು, ಈ ಸಲ ಸರದಿ ಬೇರೆಯವರದು" ಎಂಬ ಭರವಸೆಯೂ ಬೇಡ. ಸ್ಥಳೀಯ ಸಂಸ್ಥೆಗಳಲ್ಲಿ ಸರದಿ ಇದೆ, ಆದರೆ ವಾರ್ಡ್ ಹೊಸದಾಗಿ ರಚನೆಯಾದಾಗ ಹಳೆಯ ಸರದಿ ಹಾಗೇ ಮುಂದುವರಿಯುತ್ತದೆ ಎನ್ನಲಾಗದು. ಬೆಂಗಳೂರಿನಲ್ಲಿ ಪಾಲಿಕೆಯ 198 ವಾರ್ಡ್ 2022ರಲ್ಲಿ 243 ಆಯಿತು, 2023ರಲ್ಲಿ 225 ಆಯಿತು, ಆಮೇಲೆ ಪಾಲಿಕೆಯೇ ಐದಾಯಿತು. ಪ್ರತಿ ಸಲವೂ ಲೆಕ್ಕ ಮೊದಲಿನಿಂದ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಕೌನ್ಸಿಲ್ ಇಷ್ಟು ಕಾಲ ಖಾಲಿ ಬಿದ್ದದ್ದಕ್ಕೆ ಈ ಗೆರೆ, ಪಟ್ಟಿಗಳ ಜಗ್ಗಾಟವೂ ಒಂದು ಕಾರಣ.

ವಿಧಾನಸಭೆಗೆ ಸರದಿ ಇಲ್ಲವೇ ಇಲ್ಲ. ಸುಳ್ಯ ಯಾಕೆ ದಶಕಗಳಿಂದ ಮೀಸಲು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. 2002ರ ಕ್ಷೇತ್ರ ಪುನರ್ವಿಂಗಡಣೆ ಕಾಯ್ದೆಯ ಪ್ರಕಾರ ಎಸ್‌ಟಿ ಕ್ಷೇತ್ರಗಳು ಅವರ ಪ್ರಮಾಣ ಅತಿ ಹೆಚ್ಚಿರುವ ಕಡೆ ಬರಬೇಕು, ಎಸ್‌ಸಿ ಕ್ಷೇತ್ರಗಳು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹರಡಿರಬೇಕು ಮತ್ತು ಆಯಾ ಭಾಗದಲ್ಲಿ ಪ್ರಮಾಣ ಹೆಚ್ಚಿರುವಲ್ಲಿ ಬರಬೇಕು. 2008ರ ಚುನಾವಣೆಗೆ ಜಾರಿಯಾದ ವಿಂಗಡಣೆಯಲ್ಲಿ ಕರ್ನಾಟಕದ 224ರಲ್ಲಿ ಎಸ್‌ಸಿ 33ರಿಂದ 36ಕ್ಕೆ, ಎಸ್‌ಟಿ 2ರಿಂದ 15ಕ್ಕೆ ಏರಿತು. 2001ರ ಗಣತಿಯಲ್ಲಿ ಎಸ್‌ಸಿ ಶೇ 16.2, ಎಸ್‌ಟಿ ಶೇ 6.55, ಗುಣಿಸಿ ನೋಡಿದರೆ ಸರಿಯಾಗಿದೆ. 1991ರಲ್ಲಿ ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು ಪಟ್ಟಿಗೆ ಸೇರಿದ್ದು ಈ ಜಿಗಿತದ ಹಿಂದಿದೆ. ನಕಾಶೆ ನೋಡಿ: ಎಸ್‌ಟಿಯ 15ರಲ್ಲಿ ಹೆಚ್ಚಿನವು ಸುರಪುರ, ರಾಯಚೂರಿನಿಂದ ಬಳ್ಳಾರಿ ಸೀಮೆ ದಾಟಿ ಚಳ್ಳಕೆರೆ, ಜಗಳೂರಿನವರೆಗೆ ಒತ್ತಾಗಿವೆ, ದೂರ ದಕ್ಷಿಣದಲ್ಲಿ ಎಚ್.ಡಿ. ಕೋಟೆ ಒಂದೇ. ಎಸ್‌ಸಿಯ 36 ಔರಾದ್‌ನಿಂದ ಸುಳ್ಯ, ಕೊಳ್ಳೇಗಾಲದವರೆಗೆ ಚದುರಿವೆ.

ಈ ಹರಡುವಿಕೆಗೂ ಬೆಲೆ ಇದೆ. ಮುಸ್ಲಿಮರು ಬಹಳ ಸಂಖ್ಯೆಯಲ್ಲಿರುವ ಕೆಲವು ಕ್ಷೇತ್ರಗಳು ಎಸ್‌ಸಿಗೆ ಮೀಸಲಾಗಿರುವುದನ್ನು 2006ರಲ್ಲಿ ಮುಸ್ಲಿಮರ ಸ್ಥಿತಿಗತಿ ಅಧ್ಯಯನ ಮಾಡಿದ ಸಾಚಾರ್ ಸಮಿತಿ ಎತ್ತಿ ತೋರಿಸಿತು. ಅಸ್ಸಾಮಿನ ಕರೀಂಗಂಜ್ ಲೋಕಸಭಾ ಕ್ಷೇತ್ರ ಹಾಗೆ ದಶಕಗಟ್ಟಲೆ ಮೀಸಲಾಗಿತ್ತು, 2023ರ ವಿಂಗಡಣೆಯಲ್ಲಿ ಸಾಮಾನ್ಯವಾಗಿ ಸಿಲ್ಚಾರ್ ಮೀಸಲಾಯಿತು. ಜಮ್ಮು ಕಾಶ್ಮೀರದಲ್ಲಿ 2022ರ ಗೆರೆ ಪೀರ್ ಪಂಜಾಲ್ ಬೆಟ್ಟದ ಎರಡು ಬದಿಯ ಅನಂತನಾಗ್, ರಜೌರಿಗಳನ್ನು ಒಂದೇ ಲೋಕಸಭಾ ಕ್ಷೇತ್ರಕ್ಕೆ ಸೇರಿಸಿತು. ಅವೆರಡರ ನಡುವಿನ ಮೊಘಲ್ ರಸ್ತೆ ಚಳಿಗಾಲದ ಹಿಮಕ್ಕೆ ಮುಚ್ಚಿಹೋಗುತ್ತದೆ. ಭೌಗೋಳಿಕ ಲಕ್ಷಣ, ಸಂಪರ್ಕ, ಜನರ ಅನುಕೂಲ ನೋಡಬೇಕು ಎಂದು ಕಾಯ್ದೆಯಲ್ಲೇ ಇದೆ. ಆ ಮಾತನ್ನು ಆಕ್ಷೇಪಣೆಯಲ್ಲಿ ಧೈರ್ಯವಾಗಿ ಬಳಸಿ, ನಾಲೆ ದಾಟಲು ಸೇತುವೆ ಎಲ್ಲಿದೆ ಎಂದು ದೂರ ಅಳೆದು ಬರೆಯಿರಿ.

ಕೋರ್ಟಿಗೆ ಹೋದರಾಯಿತು ಎಂದು ಕಾಯುವವರಿದ್ದಾರೆ. ಸಂವಿಧಾನದ 329ನೇ ವಿಧಿ, ಸ್ಥಳೀಯ ಸಂಸ್ಥೆಗಳಿಗೆ 243-ಒ ಮತ್ತು 243-ಝಡ್‌ಜಿ, ವಿಂಗಡಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದು ಈ ದಾರಿಗೆ ಅಡ್ಡ ನಿಂತಿವೆ. ರಾಜ್ಯಪತ್ರದಲ್ಲಿ ಬಂದ ಆದೇಶ ಕಾನೂನಿನಷ್ಟೇ ಬಲದ್ದು ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದೇಶ ಕಣ್ಣಿಗೆ ಹೊಡೆಯುವಂತೆ ಮನಬಂದದ್ದಾಗಿದ್ದರೆ ಪರಿಶೀಲಿಸಬಹುದು ಎಂದು 2024ರಲ್ಲಿ ಬಾಗಿಲನ್ನು ಸ್ವಲ್ಪ ತೆರೆದಿದೆ. ಆ ಸಂದಿನಲ್ಲಿ ನುಗ್ಗಬೇಕಾದರೂ ಕರಡಿನ ಹಂತದಲ್ಲಿ ನೀವು ಕೊಟ್ಟ ಆಕ್ಷೇಪಣೆಯ ಪ್ರತಿ ಕೈಯಲ್ಲಿದ್ದರೆ ಅನುಕೂಲ. ಆದ್ದರಿಂದ ಎರಡು ಪ್ರತಿ ಮಾಡಿ, ಗಡುವಿಗೆ ಒಂದು ದಿನ ಮೊದಲೇ ಹೋಗಿ, ನಕಾಶೆ ಇರುವ ಪುಟದ ಮೇಲೂ ಕಚೇರಿಯ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ.