ಅಂಬೆಗಾಲಿಗೆ ಮುಂಚೆ ಮನೆಗೆ ಏನು ಹಾಕಿಸಬೇಕು, ಏನು ಬೇಡ

ಒಂಬತ್ತನೇ ತಿಂಗಳ ಚುಚ್ಚುಮದ್ದಿಗೆ ಬರುವ ಅಪ್ಪ ಅಮ್ಮಂದಿರಲ್ಲಿ ಈಗೀಗ ತುಂಬ ಜನ ಮೊಬೈಲ್ ತೆಗೆದು ತೋರಿಸುತ್ತಾರೆ. ಟೇಬಲ್ ಮೂಲೆಗೆ ಅಂಟಿಸುವ ಫೋಮು, ಸಾಕೆಟ್ ಮುಚ್ಚುವ ಪ್ಲಾಸ್ಟಿಕ್, ಡ್ರಾಯರ್ ಲಾಕು, ಎಲ್ಲ ಸೇರಿ ಒಂದು ಕಿಟ್. "ಡಾಕ್ಟ್ರೇ, ಇದನ್ನ ತಗೊಂಡ್ರೆ ಸಾಕಾ?"

ಸಾಲದು. ಅದರಲ್ಲಿ ಅರ್ಧ ವಸ್ತು ಬೇಕಾಗಿಯೂ ಇಲ್ಲ. ಆ ಕಿಟ್ ಮಾಡಿದವರ ಕಣ್ಣ ಮುಂದೆ ಇದ್ದಿದ್ದು ನುಣುಪಾದ ಗೋಡೆಯ, ಒಂದೇ ಮಟ್ಟದ ನೆಲದ ಸಣ್ಣ ಫ್ಲಾಟು. ನಮ್ಮ ಕಡೆಯ ಮನೆಯಲ್ಲಿ ಬಚ್ಚಲ ಒಲೆ ಇದೆ, ಹಂಡೆ ಇದೆ, ಎತ್ತರದ ಹೊಸಿಲು, ಕಡಿದಾದ ಅಟ್ಟದ ಮೆಟ್ಟಿಲು, ಹಿತ್ತಲಲ್ಲಿ ಬಾವಿ, ಕೊಟ್ಟಿಗೆ ಪಕ್ಕ ತೋಟದ ಔಷಧಿ ಇವೆ. ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರಾಗಿ ನಾನು ನೋಡುವ ದೊಡ್ಡ ಅನಾಹುತಗಳು ಇಲ್ಲಿಂದಲೇ ಬರುತ್ತವೆ. ಟೇಬಲ್ ಮೂಲೆ ಬಡಿದರೆ ಹೆಚ್ಚಿನ ಸಲ ಒಂದು ಬುಗುಟು ಏಳುತ್ತದೆ, ಎರಡು ದಿನಕ್ಕೆ ಇಳಿಯುತ್ತದೆ. ಅದಕ್ಕೇ ನಾನು ಹೇಳುವುದು, ಮೊದಲ ದುಡ್ಡು ಜೀವಕ್ಕೆ ಅಪಾಯ ಇರುವ ಕಡೆ ಹಾಕಿ: ನೀರು, ಬೆಂಕಿ, ವಿಷ, ಕರೆಂಟು. ಬೀಳುವುದು ಆಮೇಲೆ. ಮೂಲೆ ಫೋಮು ಎಲ್ಲಕ್ಕಿಂತ ಕೊನೆಗೆ.

ಇನ್ನೊಂದು ಮಾತು. ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಮಗುವನ್ನು ಎತ್ತಿಕೊಂಡು ಶಿವಮೊಗ್ಗಕ್ಕೆ ಬರಲು ಒಂದು ಗಂಟೆಯ ಮೇಲೇ ಬೇಕು, ಒಳಗಿನ ಹಳ್ಳಿಯಿಂದ ಜೋರು ಮಳೆಯಲ್ಲಿ ಇನ್ನೂ ಜಾಸ್ತಿ. ಪೇಟೆಯವರಿಗಿಂತ ನಮಗೆ ಈ ಎಚ್ಚರಿಕೆ ಹೆಚ್ಚು ಬೇಕಾಗಿರುವುದು ಇದಕ್ಕೇ.

ನೀರಿನಿಂದಲೇ ಶುರು ಮಾಡೋಣ. ಈ ವಯಸ್ಸಿನ ಮಗುವಿಗೆ ಮೈಯ ಲೆಕ್ಕಕ್ಕೆ ತಲೆ ಭಾರ. ಬಕೆಟ್ ಹಿಡಿದು ನಿಂತು ಒಳಗೆ ಬಗ್ಗಿದರೆ ತಲೆಕೆಳಗಾಗಿ ಬೀಳುತ್ತದೆ, ವಾಪಸ್ ಏಳುವ ಶಕ್ತಿ ಕೈಗಳಿಗೆ ಇರುವುದಿಲ್ಲ. ಐದು ಸೆಂಟಿಮೀಟರ್ ನೀರು ಸಾಕು. ಸದ್ದೂ ಆಗುವುದಿಲ್ಲ, ಅಳು ಕೇಳಿಸಿದರೆ ಓಡಿ ಹೋಗೋಣ ಎಂದು ಕೂತರೆ ಕೇಳಿಸುವುದೇ ಇಲ್ಲ. ಇದಕ್ಕೆ ನಾನು ಕಂಡ ಒಳ್ಳೆಯ ಸಾಧನ ಬಚ್ಚಲಮನೆ ಬಾಗಿಲಿಗೆ ಹೊರಗಿನಿಂದ, ದೊಡ್ಡವರ ಎದೆಗಿಂತ ಮೇಲೆ ಹಾಕಿಸಿದ ಒಂದು ಚಿಲಕ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಟವರ್ ಬೋಲ್ಟು, ಮನೆಗೆ ಬರುವ ಆಚಾರಿ ಹತ್ತು ನಿಮಿಷದಲ್ಲಿ ಹಾಕಿಕೊಡುತ್ತಾರೆ. ಮನೆಯ ಎಲ್ಲರೂ, ಅಜ್ಜಿಯಿಂದ ಹಿಡಿದು ಕೆಲಸಕ್ಕೆ ಬರುವವರವರೆಗೆ, ಹೊರಗೆ ಬಂದ ತಕ್ಷಣ ಅದನ್ನು ಹಾಕುವ ರೂಢಿ ಮಾಡಿಕೊಳ್ಳಬೇಕು. ನೀರು ಹಿಡಿದಿಡಲೇಬೇಕಾದ ಮನೆಯಾದರೆ ತಿರುಗಿಸಿ ಬಿಗಿ ಮಾಡುವ ಮುಚ್ಚಳದ ಡ್ರಮ್ ತನ್ನಿ, ಸುಮ್ನೆ ಮೇಲಿಡುವ ತಟ್ಟೆ ಮುಚ್ಚಳ ಬೇಡ. ಬಾವಿಗೆ ಕಟ್ಟೆ ಇದ್ದರೂ ಮೇಲೆ ಕಬ್ಬಿಣದ ಜಾಲರಿ ಬೇಕು. ಕಟ್ಟೆ ಪಕ್ಕ ಬಟ್ಟೆ ಒಗೆಯುವ ಕಲ್ಲಿದ್ದರೆ ಮಗು ಅದನ್ನೇ ಮೆಟ್ಟಿಲು ಮಾಡಿಕೊಳ್ಳುತ್ತದೆ. ಹಿತ್ತಲಲ್ಲಿ ಅರ್ಧ ತೋಡಿ ಬಿಟ್ಟ ಗುಂಡಿ ಇದ್ದರೆ ಜೂನ್ ಬರುವುದರೊಳಗೆ ಮುಚ್ಚಿಸಿ, ಮಳೆ ಹಿಡಿದ ಮೇಲೆ ಅದೂ ಒಂದು ಕೆರೆ.

ಈ ಚಿಲಕ ಬಿಸಿನೀರಿನಿಂದಲೂ ಕಾಪಾಡುತ್ತದೆ. ಗೀಸರ್ ಇರುವವರು ಥರ್ಮೋಸ್ಟಾಟನ್ನು 50 ಡಿಗ್ರಿಗಿಂತ ಕೆಳಗೆ ಇಟ್ಟುಕೊಳ್ಳಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮವನ್ನು ಆಳಕ್ಕೆ ಸುಡುತ್ತದೆ, ಮಗುವಿನ ತೆಳು ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. ಹಂಡೆಗೆ ಥರ್ಮೋಸ್ಟಾಟ್ ಇಲ್ಲ. ಹಾಗಾಗಿ ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿ, ಮೊಣಕೈ ಅದ್ದಿ ನೋಡಿ, ಎಲ್ಲ ಹದ ಆದಮೇಲೆ ಮಗುವನ್ನು ಒಳಗೆ ತನ್ನಿ. ಸುಡುವ ನೀರು ತೋಡಿಟ್ಟು ತಣ್ಣೀರು ತರಲು ಎದ್ದು ಹೋದ ಆ ಅರ್ಧ ನಿಮಿಷದಲ್ಲೇ ಅನಾಹುತ ಆಗುವುದು. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ, ಉಳಿದ ಮೈ ಬೆಚ್ಚಗಿರಲಿ. ಪೇಸ್ಟು, ಶಾಯಿ, ಐಸು ಯಾವುದೂ ಬೇಡ.

ಅಡಿಕೆ ಕೊಯ್ಲಿನ ದಿನಗಳ ಬಗ್ಗೆ ಬೇರೆಯೇ ಹೇಳಬೇಕು. ಅಂಗಳದಲ್ಲಿ ಹಂಡೆ ಕುದಿಯುತ್ತಿರುತ್ತದೆ, ಅಡಿಕೆ ಬೇಯಿಸಿದ ರಸ, ಅಂದರೆ ಚೊಗರು, ಪಾತ್ರೆಯಲ್ಲಿರುತ್ತದೆ, ಸುಲಿಯುವ ಕತ್ತಿಗಳು ನೆಲದ ಮಟ್ಟದಲ್ಲೇ ಇರುತ್ತವೆ, ಮನೆ ತುಂಬ ಜನ. ಎಲ್ಲರೂ ಇದ್ದಾರೆ ಎಂದರೆ ಮಗುವನ್ನು ಯಾರೂ ನೋಡುತ್ತಿಲ್ಲ ಎಂದೂ ಆಗಿಬಿಡಬಹುದು, ಅಲ್ವಾ? ಇಂಥ ಮನೆಯವರಿಗೆ ಪ್ಲೇಪೆನ್, ಅಂದರೆ ಮಗುವನ್ನು ಒಳಗೆ ಆಡಲು ಬಿಡುವ ಸುತ್ತು ಬೇಲಿ, ಖಂಡಿತ ಉಪಯೋಗಕ್ಕೆ ಬರುತ್ತದೆ. ಬದಿಗಳು ಮಗುವಿನ ಎದೆಗಿಂತ ಎತ್ತರ ಇರಬೇಕು, ಬಲೆಯ ಕಣ್ಣಿಗೆ ಬೆರಳು ಸಿಕ್ಕಿಕೊಳ್ಳಬಾರದು, ಸರಳಿನದ್ದಾದರೆ ಎರಡು ಸರಳಿನ ನಡುವೆ 6 ಸೆಂಟಿಮೀಟರಿಗಿಂತ ಜಾಸ್ತಿ ಸಂದು ಇರಬಾರದು. ಅದನ್ನು ಒಳಗೆ ಜಗಲಿಯಲ್ಲಿ ಇಡಿ, ಒಲೆಯಿಂದ ದೂರ. ಜೊತೆಗೆ ಒಬ್ಬರಿಗೆ ಹೆಸರಿಟ್ಟು ಹೇಳಿ, ಈ ಹೊತ್ತು ಮಗು ನಿಂದು ಅಂತ. ಅಡಿಕೆ ಚೂರು, ಶೇಂಗಾ ಬೀಜ ನೆಲದ ಮೇಲೆ ಬಿದ್ದಿದ್ದರೆ ಗುಡಿಸಿ ತೆಗೆಯಿರಿ, ಉಸಿರಿನ ನಾಳಕ್ಕೆ ಹೋಗಿ ಕೂರುವ ವಸ್ತುಗಳು ಇವೇ.

ವಿಷದ ವಿಷಯದಲ್ಲಿ ಮಲೆನಾಡಿನ ಮನೆಗಳಿಗೆ ಬೇರೆಯದೇ ಒಂದು ಭಯ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆಗಾಲದ ಶುರುವಿಗೆ ಒಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಯುವುದರಿಂದ ಮಿಕ್ಕಿದ್ದು ಮನೆಯಲ್ಲೇ ಇರುತ್ತದೆ. ನೀಲಿ ಹರಳು, ಹೊಳೆಯುತ್ತದೆ, ಮಗುವಿಗೆ ಥೇಟ್ ಕಲ್ಲುಸಕ್ಕರೆ. ಸ್ವಲ್ಪ ನುಂಗಿದರೂ ಹೊಟ್ಟೆ ಸುಡುತ್ತದೆ, ಜಾಸ್ತಿ ಆದರೆ ರಕ್ತ, ಲಿವರ್, ಕಿಡ್ನಿಗೆ ಪೆಟ್ಟು. ಕಳೆನಾಶಕ, ಇಲಿ ಪಾಷಾಣ, ಸೀಮೆಎಣ್ಣೆ ಕೂಡ ಇದೇ ಸಾಲಿನವು. ಇದಕ್ಕೆ ಅಂಟಿಸುವ ಪ್ಲಾಸ್ಟಿಕ್ ಲಾಕನ್ನು ನಂಬಬೇಡಿ. ಬೀಗ ಹಾಕುವ ಒಂದು ಕಬ್ಬಿಣದ ಪೆಟ್ಟಿಗೆ ಇರಲಿ, ಮನೆಯಿಂದ ಹೊರಗೆ, ಕೀಲಿಕೈ ಮೇಲೆ ಮೊಳೆಗೆ. ಔಷಧಿಯನ್ನು ಜ್ಯೂಸ್ ಬಾಟಲಿಗೆ, ನೀರಿನ ಬಾಟಲಿಗೆ ಯಾವತ್ತೂ ಬಗ್ಗಿಸಬೇಡಿ. ಮಗು ಏನಾದರೂ ನುಂಗಿದೆ ಎಂದು ಗೊತ್ತಾದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಸೀಮೆಎಣ್ಣೆ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿಯುತ್ತದೆ, ಸುಡುವ ವಸ್ತು ಗಂಟಲನ್ನು ಎರಡನೇ ಸಲ ಸುಡುತ್ತದೆ. ಆ ಬಾಟಲಿ ಅಥವಾ ಪ್ಯಾಕೆಟನ್ನು ಕೈಯಲ್ಲಿ ಹಿಡಿದು ಹೊರಡಿ, 108ಕ್ಕೆ ಫೋನ್ ಮಾಡಿ.

ಮನೆಯೊಳಗಿನ ವಿಷ ಎಂದರೆ ಅಜ್ಜ ಅಜ್ಜಿಯ ಮಾತ್ರೆಗಳು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ಒಂದೇ ಒಂದು ಸಾಕು, ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಲು. ದಿಂಬಿನ ಕೆಳಗೆ, ಎಲೆಅಡಿಕೆ ತಟ್ಟೆ ಪಕ್ಕ ಇಡುವ ಅಭ್ಯಾಸ ಇದ್ದರೆ ಅವರ ಹತ್ತಿರ ಕೂತು, ಬೇಜಾರಾಗದ ಹಾಗೆ ಮಾತಾಡಿ, ಮುಚ್ಚಳ ಒತ್ತಿ ತಿರುಗಿಸುವ ಡಬ್ಬಿಯೊಂದನ್ನು ತಂದುಕೊಟ್ಟು ಎತ್ತರದ ಕಪಾಟಿನಲ್ಲಿ ಇಡಿಸಿ. ಮಳೆಗಾಲದಲ್ಲಿ ಬಟ್ಟೆಗೆ ಹಾಕುವ ನುಸಿಗುಳಿಗೆಯೂ ಮಗುವಿನ ಬಾಯಿಗೆ ಹೋಗುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಗುವಿನಲ್ಲಿ ಅದು ರಕ್ತಕಣಗಳನ್ನೇ ಒಡೆಯುತ್ತದೆ. ಬಟ್ಟೆಯ ಕಪಾಟಿಗೂ ಬೀಗ ಬೇಕೇ ಬೇಕು.

ಹಾಗಾದರೆ ಅಂಟಿಸುವ ಲಾಕುಗಳು? ಇಲ್ಲಿನ ಹವಾಮಾನಕ್ಕೆ ಅವು ನಿಲ್ಲುವುದು ಕಷ್ಟ. ಆಷಾಢದ ಹೊತ್ತಿಗೆ ಗೋಡೆ ಬೆವರುತ್ತದೆ, ಮರ ಉಬ್ಬುತ್ತದೆ, ಸುಣ್ಣ ಬಳಿದ ಗೋಡೆಗೆ ಟೇಪು ಹಿಡಿಯುವುದೇ ಇಲ್ಲ, ಹಿಡಿದರೂ ಸುಣ್ಣದ ಹೊಪ್ಪಳೆ ಸಮೇತ ಕಿತ್ತು ಬರುತ್ತದೆ. ಬಿದ್ದ ತುಂಡು ಮಗುವಿನ ಬಾಯಿಗೆ. ಎರಡು ಆಯ್ಕೆ ಇದ್ದರೆ ಸ್ಕ್ರೂ ಹಾಕುವುದನ್ನೇ ಆರಿಸಿ. ಮೂಲೆ ಫೋಮಿಗೂ ಇದೇ ಮಾತು, ಹಲ್ಲು ಬರುವ ಮಗು ಅದನ್ನು ಕಚ್ಚಿ ತುಂಡು ಮಾಡುತ್ತದೆ. ಚೂಪು ಮೂಲೆಯ ಟೀಪಾಯಿಯನ್ನು ಎರಡು ವರ್ಷ ಅಟ್ಟಕ್ಕೆ ಏರಿಸುವುದು ಒಳ್ಳೆಯದು, ಖರ್ಚೂ ಇಲ್ಲ.

ಕರೆಂಟಿನ ವಿಷಯಕ್ಕೆ ಬಂದರೆ, ಹಳೇ ಮನೆಗಳಲ್ಲಿ ಸ್ವಿಚ್ ಬೋರ್ಡು ಎತ್ತರದಲ್ಲಿರುತ್ತದೆ, ಅಲ್ಲಿ ಅಪಾಯ ನೆಲದ ಮೇಲೆ ಎಳೆದಿಟ್ಟ ಎಕ್ಸ್‌ಟೆನ್ಷನ್ ಬಾಕ್ಸಿನದು. ಹೊಸ ಮನೆಗಳಲ್ಲಿ ಸಾಕೆಟ್ಟೇ ಕೆಳಗೆ. ಸಾಕೆಟ್ ತೂತಿಗೆ ಚುಚ್ಚುವ ಪ್ಲಾಸ್ಟಿಕ್ ಮುಚ್ಚಳ ನನಗೆ ಇಷ್ಟವಿಲ್ಲ. ಇಸ್ತ್ರಿಗೆಂದು ಒಮ್ಮೆ ತೆಗೆದರೆ ವಾಪಸ್ ಹಾಕುವುದು ಮರೆಯುತ್ತದೆ, ಮತ್ತೆ ಅದು ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರದ್ದು. ಆಟಿಕೆ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ಅಗಲದ ಕೊಳವೆ ಬಳಸುತ್ತಾರೆ, ಅದರೊಳಗೆ ಪೂರ್ತಿ ಇಳಿಯುವ ವಸ್ತು ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ಬದಲಿಗೆ ಒಳಗೇ ಶಟರ್ ಇರುವ, ಐಎಸ್‌ಐ ಗುರುತಿನ ಸಾಕೆಟ್ ಹಾಕಿಸಿ. ಪ್ಲಗ್ಗು ಸರಿಯಾಗಿ ಒಳಗೆ ಹೋದಾಗ ಮಾತ್ರ ಅದರ ತೂತು ತೆರೆಯುತ್ತದೆ. ಇದಕ್ಕಿಂತ ಮುಖ್ಯ ಮೇನ್ ಬೋರ್ಡಿಗೆ ಹಾಕುವ ಸುರಕ್ಷಾ ಸ್ವಿಚ್ಚು, 30 ಮಿಲಿಆಂಪಿಯರಿನ ಆರ್‌ಸಿಸಿಬಿ. "ಮನೇಲಿ ಎಂಸಿಬಿ ಇದೆ ಡಾಕ್ಟ್ರೇ" ಎನ್ನುತ್ತಾರೆ. ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಎಂಸಿಬಿ ಕಾಯುವುದು ವೈರನ್ನು. ಮೈ ಮೂಲಕ ಕರೆಂಟು ಭೂಮಿಗೆ ಹರಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಲೈನ್ ಕಡಿಯುವುದು ಆರ್‌ಸಿಸಿಬಿ. ಗೋಡೆ ನೆನೆಯುವ ನಮ್ಮ ಊರುಗಳಲ್ಲಿ ಎಲೆಕ್ಟ್ರಿಷಿಯನ್‌ಗೆ ಅರ್ತಿಂಗ್ ಸರಿ ಇದೆಯಾ ನೋಡಲು ಹೇಳಿ, ಇದನ್ನು ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಆನ್ ಇರುವ ಚಾರ್ಜರ್ ವೈರನ್ನು ಹಾಸಿಗೆ ಮೇಲೆ ಬಿಡಬೇಡಿ, ಅದರ ತುದಿ ಸೀದಾ ಬಾಯಿಗೆ ಹೋಗುತ್ತದೆ.

ಅಂಗಿ ಗುಂಡಿಯ ಹಾಗೆ ಚಪ್ಪಟೆ ಇರುವ ಗುಂಡಿ ಬ್ಯಾಟರಿ (ಬಟನ್ ಸೆಲ್) ಸಣ್ಣ ವಸ್ತು, ನನ್ನ ಮಟ್ಟಿಗೆ ಮನೆಯೊಳಗಿನ ಅತಿ ದೊಡ್ಡ ಭಯ. ರಿಮೋಟು, ತೂಕದ ಯಂತ್ರ, ಹಾಡುವ ಗೊಂಬೆ, ದೀಪಾವಳಿಯ ಎಲ್‌ಇಡಿ ಹಣತೆ, ಎಲ್ಲದರಲ್ಲೂ ಇದೆ. 20 ಮಿಲಿಮೀಟರ್ ಅಗಲದ್ದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟು ತೂತು ಬೀಳಲು ಶುರುವಾಗಬಹುದು. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರುವ ವಸ್ತುವನ್ನೇ ಕೊಳ್ಳಿ. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ, ಜಾತ್ರೆಯಲ್ಲಿ ಕೊಳ್ಳುವಾಗಲೂ ನೋಡಿ. ನುಂಗಿದ ಅನುಮಾನ ಬಂದರೂ ಸಾಕು, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಆಗಲೇ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ಒಂದು ವರ್ಷ ದಾಟಿದ ಮಗುವಾದರೆ, ನುಂಗಲು ಆಗುತ್ತಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಸುಡುವುದು ನಿಧಾನ ಆಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡ.

ವಾಕರ್ ದಯವಿಟ್ಟು ತರಬೇಡಿ. ಯಾರಾದರೂ ಪ್ರೀತಿಯಿಂದ ಕೊಟ್ಟಿದ್ದರೆ ಚಕ್ರ ತೆಗೆಸಿಬಿಡಿ. ಅದರಿಂದ ಮಗು ಬೇಗ ನಡೆಯುವುದಿಲ್ಲ, ಕೆಲವು ಮಕ್ಕಳು ತಡವಾಗಿಯೇ ನಡೆಯುತ್ತಾರೆ. ಸೆಕೆಂಡಿಗೆ ಒಂದು ಮೀಟರಿನ ಹತ್ತಿರ ಓಡುವ ಅದು ನಮ್ಮ ಹೊಸಿಲಿಗೆ ತಾಗಿದರೆ ಮುಗ್ಗರಿಸುತ್ತದೆ, ಜಗಲಿಯ ಅಂಚಿನಿಂದ ಅಂಗಳಕ್ಕೆ ಉರುಳುತ್ತದೆ. ಕೆನಡಾ ದೇಶ 2004ರಲ್ಲೇ ಇದರ ಮಾರಾಟ ನಿಲ್ಲಿಸಿದೆ.

ಮೆಟ್ಟಿಲಿನ ಗೇಟು ಕೊಳ್ಳುವ ಮುಂಚೆ ಒಂದು ವಿಷಯ ಗೊತ್ತಿರಲಿ. ರಬ್ಬರ್ ಬುಡ ಒತ್ತಿ ನಿಲ್ಲಿಸುವ ಗೇಟು ಎರಡು ಕೋಣೆಯ ನಡುವೆ, ಮೆಟ್ಟಿಲ ಕೆಳಗೆ ಪರವಾಗಿಲ್ಲ. ಮೇಲ್ತುದಿಗೆ ಸ್ಕ್ರೂ ಹಾಕಿ ಕೂರಿಸಿದ ಗೇಟೇ ಆಗಬೇಕು, ಅದೂ ಮೆಟ್ಟಿಲ ಕಡೆಗೆ ತೆರೆಯಬಾರದು. ಮಣ್ಣಿನ ಗೋಡೆಗೆ ಸ್ಕ್ರೂ ನಿಲ್ಲುವುದಿಲ್ಲ, ಮರದ ಕಂಬಕ್ಕೋ ಚೌಕಟ್ಟಿಗೋ ಹೊಡೆಸಿ. ಆಚಾರಿ ಹತ್ತಿರ ಮಾಡಿಸುವವರು ತೋಟದ ದಣಪೆಯ ಹಾಗೆ ಅಡ್ಡ ಗಳ ಹಾಕಿಸಬೇಡಿ, ಮಗು ಏಣಿ ಹತ್ತಿದಂತೆ ಹತ್ತುತ್ತದೆ. ನಿಂತ ಪಟ್ಟಿಗಳೇ ಇರಲಿ, ಸಂದು ಇಲ್ಲೂ 6 ಸೆಂಟಿಮೀಟರ್ ಮೀರದಿರಲಿ. ಎರಡು ವರ್ಷದ ಹೊತ್ತಿಗೆ ಮಗು ಗೇಟು ಹತ್ತಲು ಶುರು ಮಾಡಿದರೆ ತೆಗೆದುಬಿಡಿ, ಎತ್ತರದಿಂದ ಬೀಳುವುದು ಇನ್ನೂ ಕೆಟ್ಟದ್ದು. ಟಿವಿ ಸ್ಟ್ಯಾಂಡು, ಕಬ್ಬಿಣದ ಬೀರುಗಳನ್ನೂ ಎಲ್ ಪಟ್ಟಿ ಹಾಕಿ ಗೋಡೆಗೋ ಕಂಬಕ್ಕೋ ಬಿಗಿಸಿ, ಡ್ರಾಯರ್ ಎಳೆದು ಅದರ ಮೇಲೆ ಕಾಲಿಡುವುದು ಎಲ್ಲ ಮಕ್ಕಳಿಗೂ ಬರುತ್ತದೆ.

ತೊಟ್ಟಿಮನೆಯಂಥ ದೊಡ್ಡ ಮನೆಯಲ್ಲಿ ಎಲ್ಲ ಕೋಣೆಗೂ ಇಷ್ಟೆಲ್ಲ ಮಾಡಿಸಲು ಆಗುವುದಿಲ್ಲ, ಮಾಡಿಸಬೇಕಾಗಿಯೂ ಇಲ್ಲ. ಒಂದು ಕೋಣೆಯನ್ನು ಪೂರ್ತಿ ಮಗುವಿಗೆ ಬಿಡಿ, ಅದರ ಬಾಗಿಲಿಗೆ ಗೇಟು, ಬಚ್ಚಲಿಗೆ ಚಿಲಕ, ಔಷಧಿಗೆ ಬೀಗ, ಮೇನ್ ಬೋರ್ಡಿಗೆ ಆರ್‌ಸಿಸಿಬಿ. ಕೆಲಸವನ್ನು ಮಗು ಮಗುಚಿಕೊಳ್ಳುವ ತಿಂಗಳಲ್ಲೇ ಶುರು ಮಾಡಿ, ಅಂಬೆಗಾಲು ಏಳನೇ ತಿಂಗಳಿಗೂ ಬರಬಹುದು. ಹಾಕಿಸಿದ ಮೇಲೆ ಒಮ್ಮೆ ದೀಪಾವಳಿ ಸುಮಾರಿಗೆ, ಒಮ್ಮೆ ಬೇಸಿಗೆಯಲ್ಲಿ ಗೇಟು ಮತ್ತು ಚಿಲಕಗಳ ಸ್ಕ್ರೂ ಬಿಗಿ ಮಾಡಿ. ಮಳೆಗೆ ಉಬ್ಬಿದ ಮರ ಒಣಗಿ ಸಣ್ಣಗಾದಾಗ ಅವು ಸಡಿಲ ಆಗಿರುತ್ತವೆ.