ರಿಜ್ ಅಂಡ್ ಫರೋ: ಹುಲ್ಲಿನಡಿ ಉಳಿದ ಉಳುಮೆ

ಇಂಗ್ಲೆಂಡಿನ ಲೆಸ್ಟರ್‌ಶೈರ್, ನಾರ್ತಾಂಪ್ಟನ್‌ಶೈರ್‌ಗಳ ಹಳೆಯ ಹಳ್ಳಿಗಳ ಸುತ್ತಲಿನ ಹುಲ್ಲುಗಾವಲುಗಳಲ್ಲಿ ನೆಲವು ಸಾಲುಸಾಲಾಗಿ ಉಬ್ಬಿ ತಗ್ಗಿರುವುದು ಕಾಣುತ್ತದೆ. ಮಧ್ಯಯುಗದ ಬೇಸಾಯದಿಂದ ಮೂಡಿದ ಈ ದಿಂಡು-ಸಾಲುಗಳನ್ನು ‘ರಿಜ್ ಅಂಡ್ ಫರೋ’ ಎನ್ನುತ್ತಾರೆ. ಚಳಿಗಾಲದ ಇಳಿಬಿಸಿಲಿನಲ್ಲಿ ಅಥವಾ ತೆಳುವಾಗಿ ಹಿಮ ಬಿದ್ದಾಗ ಇವು ಅತ್ಯಂತ ಸ್ಪಷ್ಟವಾಗಿರುತ್ತವೆ.

ಆಗ ಊರಿನ ಸಾಗುವಳಿ ಭೂಮಿ ಬೇಲಿಯಿಲ್ಲದ ಎರಡು ಮೂರು ವಿಶಾಲ ಬಯಲುಗಳಾಗಿತ್ತು. ಪ್ರತಿ ರೈತನಿಗೂ ಅವುಗಳಲ್ಲಿ ಅಲ್ಲಲ್ಲಿ ಚದುರಿದ ಉದ್ದನೆಯ ಪಟ್ಟಿಗಳಿರುತ್ತಿದ್ದವು. ಭಾರದ ನೇಗಿಲಿನ ಹಲಗೆ ಮಣ್ಣನ್ನು ಬಲಕ್ಕೆ ಮಾತ್ರ ಮಗುಚುತ್ತಿತ್ತು. ಪಟ್ಟಿಯ ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ಹಿಂದಿರುಗುತ್ತ ಸುತ್ತು ಹಾಕಿ ಉಳುತ್ತಿದ್ದುದರಿಂದ ಮಣ್ಣು ನಡುವಿಗೆ ಸರಿದು, ತಲೆಮಾರುಗಳ ಉಳುಮೆಯಲ್ಲಿ ದಿಂಡು ಎತ್ತರವಾಯಿತು. ಎರಡು ದಿಂಡುಗಳ ನಡುವಿನ ತಗ್ಗು ಜೇಡಿನೆಲದ ಮಳೆನೀರು ಬಸಿಯುವ ದಾರಿಯಾಯಿತು.

ಬಹಳ ಕಡೆ ದಿಂಡುಗಳು ನೆಟ್ಟಗಿರದೆ, ತಿರುವುಮುರುವಾದ ಇಂಗ್ಲಿಷ್ ಎಸ್ ಅಕ್ಷರದಂತೆ ಬಾಗಿರುತ್ತವೆ. ಎಂಟರವರೆಗೂ ಎತ್ತುಗಳನ್ನು ಜೋಡಿಜೋಡಿಯಾಗಿ ಹೂಡಿದ ಉದ್ದನೆಯ ತಂಡವನ್ನು ತಿರುಗಿಸಲು ಪಟ್ಟಿಯ ಕೊನೆ ಬರುವ ಮೊದಲೇ ಓರೆಯಾಗಿ ನಡೆಸಬೇಕಾಗಿತ್ತು. ಪ್ರಾಣಿಗಳ ಆ ನಡಿಗೆಯೇ ನೆಲದಲ್ಲಿ ಅಚ್ಚಾಗಿರುವುದು ಈ ರಚನೆಯ ಅತ್ಯಂತ ಮನಮುಟ್ಟುವ ಅಂಶವೆಂದು ನನಗೆ ತೋರುತ್ತದೆ. ಉದ್ದನೆಯ ಸಾಲಿನ ಅಳತೆಯೇ 220 ಗಜಗಳ ಫರ್ಲಾಂಗ್. ಅದಕ್ಕೆ 22 ಗಜ ಅಗಲ ಸೇರಿದರೆ, ಇಂದಿಗೂ ನಮ್ಮ ಪಹಣಿಯಲ್ಲಿ ಬರೆಯುವ ಒಂದು ಎಕರೆ.

ಇವು ಉಳಿದುಬಂದ ಕಾರಣ ನೋವಿನದು. ಕುರಿ ಸಾಕಣೆಗೆಂದು ಹಲವೆಡೆ ಮೊದಲೇ ಉಳುಮೆ ನಿಂತಿತ್ತು. ಮುಂದೆ 18 ಮತ್ತು 19ನೆಯ ಶತಮಾನಗಳಲ್ಲಿ ಸಂಸತ್ತಿನ ಕಾಯ್ದೆಗಳ ಮೂಲಕ ಬಯಲುಗಳಿಗೂ ಗೋಮಾಳಗಳಿಗೂ ಬೇಲಿ ಬಿದ್ದು, ಬಡವರು ದನ ಮೇಯಿಸುವ, ಸೌದೆ ಆಯುವ ಹಕ್ಕುಗಳನ್ನು ಕಳೆದುಕೊಂಡರು. ಹುಲ್ಲುಗಾವಲಾದ ನೆಲಕ್ಕೆ ಮತ್ತೆ ನೇಗಿಲು ತಾಗದ ಕಾರಣ ಹಿಂದಿನವರ ದುಡಿಮೆಯ ಗುರುತು ಹಾಗೆಯೇ ಉಳಿಯಿತು. ದಿಂಡುಗಳನ್ನು ಅಡ್ಡಲಾಗಿ ಕತ್ತರಿಸಿ ಸಾಗುವ ನೇರವಾದ ಗಿಡಬೇಲಿ ಕಂಡರೆ, ಅದು ಉಳುಮೆಯ ನಂತರ ಬಂದದ್ದೆಂದು ತಿಳಿಯಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲೂ ಆಮೇಲೂ ಆಹಾರಧಾನ್ಯಕ್ಕಾಗಿ ಹುಲ್ಲುಗಾವಲುಗಳನ್ನು ಉತ್ತಾಗ ಇಂಥ ಅನೇಕ ಗುರುತುಗಳು ಅಳಿಸಿಹೋದವು.

ಬೇಲಿಯಿಲ್ಲದ ಬಯಲಿನ ಬೇಸಾಯ ಪದ್ಧತಿ ಮಾತ್ರ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಹಳ್ಳಿಯಲ್ಲಿ ಇಂದಿಗೂ ನಡೆಯುತ್ತಿದೆ; ಅಲ್ಲಿ ರೈತರದೇ ಪಂಚರ ತಂಡವು ವರ್ಷಕ್ಕೊಮ್ಮೆ ಬಯಲಿಗಿಳಿದು ಪಟ್ಟಿಗಳ ಗಡಿಯನ್ನು ಪರಿಶೀಲಿಸಿ, ಒತ್ತುವರಿ ಮಾಡಿದವರ ವಿಷಯವನ್ನು ಊರಿನ ನ್ಯಾಯಸಭೆಯ ಮುಂದಿಡುತ್ತದೆ.